ಅಮ್ಮನ ಮಂಡಿನೋವು ತೋರಿಸಿದ ಲಂಡನ್

ಲಂಡನ್‌ಗೆ ಹೊರಡುವ ಎರಡು ತಿಂಗಳು ಮುಂಚೆಯೇ ನಾನು ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಎಂಟು ದಿನ, ಮೂವತ್ತೊಂದು ಜಾಗ. ದುಡ್ಡು ಕೊಡಬೇಕಾದ ಜಾಗಕ್ಕೆ ಕೆಂಪು, ಪುಕ್ಕಟೆ ಜಾಗಕ್ಕೆ ಹಸಿರು. ಎಷ್ಟು ಗಂಟೆಗೆ ಹೊರಡಬೇಕು, ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು, ಎಲ್ಲಿ ಊಟ, ಎಲ್ಲಾ ಇತ್ತು. ಹೆಂಡತಿ ಒಂದು ಸಲ ನೋಡಿ, "ಇದರಲ್ಲಿ ಅತ್ತೆ ಮಂಡಿ ಎಲ್ಲಿದೆ?" ಅಂತ ಕೇಳಿದಳು. ನಾನು ನಕ್ಕೆ. ಅದು ಜೋಕ್ ಅಂದುಕೊಂಡಿದ್ದೆ.

2023ರ ಜೂನ್. ನಾನು, ಹೆಂಡತಿ, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ, ಅರವತ್ತೆಂಟರ ಅಮ್ಮ. ಅಮ್ಮ ಮಂಡ್ಯದ ಕಡೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. ಎರಡೂ ಮಂಡಿ ಸವೆದಿವೆ. ಆಪರೇಷನ್ ಬೇಡ ಅಂತ ಹಟ ಹಿಡಿದು ಎಣ್ಣೆ ಹಚ್ಚಿಕೊಂಡೇ ಕಾಲ ತಳ್ಳುತ್ತಿದ್ದಾರೆ. ಲಂಡನ್ ವಿಷಯ ಎತ್ತಿದಾಗ "ನಾನ್ಯಾಕಪ್ಪ, ನೀವು ಹೋಗ್ಬನ್ನಿ" ಅಂದರು. ಆಮೇಲೆ ಎರಡು ದಿನ ಬಿಟ್ಟು ಅವರೇ ಬಂದು, "ಆ ಹುಲಿ ಅಲ್ಲೇ ಅಲ್ವೇನೋ ಇರೋದು?" ಅಂದರು. ಹುಲಿ ಅಂದರೆ ಟಿಪ್ಪುವಿನ ಹುಲಿ, ಲಂಡನ್ನಿನ ಮ್ಯೂಸಿಯಂನಲ್ಲಿರುವ ಮರದ ಗೊಂಬೆ. ಅಲ್ಲಿಗೆ ಟಿಕೆಟ್ ಐದಾಯಿತು. ವೀಸಾಕ್ಕೆ ಆಗ ತಲೆಗೆ ನೂರು ಪೌಂಡ್, ಒಂದು ಪೌಂಡಿಗೆ ನೂರು ರೂಪಾಯಿಗಿಂತ ಜಾಸ್ತಿ. ಲೆಕ್ಕ ನೀವೇ ಹಾಕಿಕೊಳ್ಳಿ, ನಾನು ಹಾಕೋದು ಬಿಟ್ಟಿದ್ದೇನೆ.

ಇನ್ನೊಂದು ವಿಷಯ ಈಗಲೇ ಹೇಳಬೇಕು. ಅಮ್ಮನ ಕೈಯಲ್ಲಿ ಒಂದು ಎಚ್ಎಂಟಿ ಗಡಿಯಾರ ಇದೆ. ಕೆಲಸಕ್ಕೆ ಸೇರಿದ ವರ್ಷ ತಾತ ಕೊಡಿಸಿದ್ದು. ದಿನಾ ಬೆಳಿಗ್ಗೆ ಕಾಫಿ ಆದಮೇಲೆ ಕೀ ಕೊಡಬೇಕು. ವಿಮಾನ ಇಳಿಯುವಾಗ ಎಲ್ಲರೂ ಫೋನ್ ಆನ್ ಮಾಡಿ ಟೈಮ್ ಬದಲಾಗೋದನ್ನ ನೋಡುತ್ತಿದ್ದರೆ ಅಮ್ಮ ಗಡಿಯಾರ ಮುಟ್ಟಲಿಲ್ಲ. "ಎಂಟು ದಿನಕ್ಕೆ ಇದನ್ನ್ಯಾಕೆ ತಿರುಗಿಸೋದು? ಊರಲ್ಲಿ ಈಗೆಷ್ಟು ಗಂಟೆ ಅಂತ ಗೊತ್ತಿರಬೇಕಲ್ಲ, ನಿಮ್ಮ ಚಿಕ್ಕಮ್ಮನಿಗೆ ಫೋನ್ ಮಾಡೋಕೆ." ಸರಿ, ಇರಲಿ ಅಂತ ಬಿಟ್ಟೆವು.

ನಾವು ಮನೆ ಹಿಡಿದಿದ್ದು ಈಲಿಂಗ್‌ನಲ್ಲಿ. ಲಂಡನ್ನಿನ ಪಶ್ಚಿಮಕ್ಕಿದೆ, ಹೀಥ್ರೂ ವಿಮಾನ ನಿಲ್ದಾಣದಿಂದ ಎಲಿಜಬೆತ್ ಲೈನ್ ರೈಲಿನಲ್ಲಿ ಸೀದಾ ಬರಬಹುದು. ಆ ಲೈನ್ ಶುರುವಾಗಿ ಆಗ ಒಂದೇ ವರ್ಷ ಆಗಿತ್ತು, 2022ರ ಮೇನಲ್ಲಿ. ಹೊಸದಾದ್ದರಿಂದ ಎಲ್ಲಾ ಕಡೆ ಲಿಫ್ಟ್. ಇದನ್ನು ನೋಡಿ ಲಂಡನ್ ಪೂರ್ತಿ ಹೀಗೇ ಇರುತ್ತದೆ ಅಂದುಕೊಂಡೆ. ಮೊದಲ ದಿನ ಸಂಜೆ ಅಮ್ಮ ಅಡುಗೆಮನೆ ಕಿಟಕಿ ಹತ್ತಿರ ಸುಮ್ನೆ ಎರಡು ಊದುಬತ್ತಿ ಹಚ್ಚಿದರು, ಮನೆಯಲ್ಲಿದ್ದ ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿಕೊಂಡಿತು. ಮಗ ಕುರ್ಚಿ ಹತ್ತಿ ಟವಲ್ ಬೀಸಿ ಅದನ್ನು ಸುಮ್ಮನಾಗಿಸಿದ. ಅದಾದಮೇಲೆ ಅಮ್ಮ ಊದುಬತ್ತಿಯನ್ನು ಹಚ್ಚದೆ ದೇವರ ಫೋಟೋ ಮುಂದೆ ಇಡುತ್ತಿದ್ದರು. ದೇವರು ಅರ್ಥ ಮಾಡ್ಕೋತಾನೆ ಅಂದರು. ಹೊರಗೆ ರಾತ್ರಿ ಒಂಬತ್ತಾದರೂ ಬಿಸಿಲು.

ಲಂಡನ್ನಿನ ನೆಲದಡಿ ರೈಲು ಪ್ರಪಂಚದಲ್ಲೇ ಮೊದಲನೆಯದು. 1863ರಲ್ಲಿ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಓಡಿತು, ಅದೂ ಉಗಿ ಎಂಜಿನ್ ಕಟ್ಟಿಕೊಂಡು. ಹೆಮ್ಮೆ ಪಡುವ ವಿಷಯವೇ. ಆದರೆ ಹಳೇದು ಅಂದರೆ ಮೆಟ್ಟಿಲು ಅಂತ ಅರ್ಥ. 272 ಸ್ಟೇಷನ್‌ಗಳಲ್ಲಿ ಮೆಟ್ಟಿಲು ಹತ್ತದೆ ರಸ್ತೆಗೆ ಬರಬಹುದಾದವು ಸುಮಾರು ಮೂರರಲ್ಲೊಂದು. ಈ ಅಂಕಿ ನನಗೆ ಗೊತ್ತಾಗಿದ್ದು ಎರಡನೇ ದಿನ ರಾತ್ರಿ. ಬೆಳಿಗ್ಗೆ ಗೊತ್ತಿದ್ದಿದ್ದರೆ ಕೊವೆಂಟ್ ಗಾರ್ಡನ್‌ನಲ್ಲಿ ಆ ತಪ್ಪು ಮಾಡುತ್ತಿರಲಿಲ್ಲ.

ಆ ಸ್ಟೇಷನ್‌ನಲ್ಲಿ ಲಿಫ್ಟ್ ಇದೆ. ಲಿಫ್ಟಿನ ಮುಂದೆ ಜನವೂ ಇದ್ದರು. ಹನ್ನೊಂದು ಗಂಟೆಗೆ ಒಂದು ಎತ್ತರದ ಜಾಗಕ್ಕೆ ಹೋಗಿ ಊರು ನೋಡಲು ಟಿಕೆಟ್ ಮಾಡಿಸಿದ್ದೆ, ನನ್ನ ಶೀಟಿನಲ್ಲಿ ಕಡುಗೆಂಪು ಬಣ್ಣದ್ದು. ಅದಕ್ಕೂ ಮುಂಚೆ ಇಲ್ಲಿ ಇಪ್ಪತ್ತು ನಿಮಿಷದ ಸುತ್ತು. ನನಗೆ ಅವಸರ. "ಮೆಟ್ಟಿಲಲ್ಲಿ ಹೋಗೋಣ, ಬೇಗ ಆಗುತ್ತೆ" ಅಂದೆ. ಅಲ್ಲೊಂದು ಬೋರ್ಡು ಇತ್ತು, 193 ಮೆಟ್ಟಿಲು, ಹದಿನೈದು ಮಹಡಿಗೆ ಸಮ ಅಂತ. ಅದು ಬೇರೆಯವರಿಗೆ ಅನ್ನೋ ಹಾಗೆ ನಾನು ಮುಂದೆ ನಡೆದೆ. ಸುರುಳಿ ಮೆಟ್ಟಿಲು, ಗೋಡೆಗೆ ಹಳೇ ಕಾಲದ ಟೈಲ್ಸ್, ಎಷ್ಟು ಹತ್ತಿದರೂ ಅದೇ ತಿರುವು. ಅರವತ್ತೋ ಎಪ್ಪತ್ತೋ ಹತ್ತುವಷ್ಟರಲ್ಲಿ ಅಮ್ಮ ಕಂಬಿ ಹಿಡಿದು ನಿಂತರು. ಹಿಂದೆ ಬರುತ್ತಿದ್ದವರೂ ನಿಂತರು. ಹೆಂಡತಿ ನನ್ನನ್ನು ನೋಡಿದ ನೋಟ ಬರೆಯಲಿಕ್ಕೆ ಬರುವಂಥದ್ದಲ್ಲ.

"ಚಾಮುಂಡಿ ಬೆಟ್ಟದಲ್ಲಿ ಸಾವಿರ ಮೆಟ್ಟಿಲಿದೆ ಕಣೋ," ಅಂದರು ಅಮ್ಮ, ಉಸಿರು ತಿರುಗಿದ ಮೇಲೆ. "ಆದ್ರೆ ಮಧ್ಯೆ ಕೂರೋಕೆ ಜಾಗ ಇದೆ. ಮೇಲೆ ಹೋದ್ರೆ ದೇವರಿದ್ದಾಳೆ. ಇಲ್ಲಿ ಮೇಲೆ ಏನಿದೆ?"

ಮೇಲೆ ಅಂಗಡಿಗಳಿದ್ದವು. ಅದನ್ನು ಹೇಳುವ ಧೈರ್ಯ ಬರಲಿಲ್ಲ. ಹತ್ತತ್ತು ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಬರುವಷ್ಟರಲ್ಲಿ ಆ ಎತ್ತರದ ಜಾಗಕ್ಕೆ ಇಪ್ಪತ್ತೈದು ನಿಮಿಷ ತಡವಾಯಿತು. ಟೈಮ್ ಮೀರಿದೆ, ಹೊಸ ಟಿಕೆಟ್ ತಗೊಳ್ಳಿ ಅಂದರು. ಬಾಗಿಲಲ್ಲಿದ್ದ ಹುಡುಗ ಅಷ್ಟು ನಯವಾಗಿ ಹೇಳಿದ ಅಂದರೆ ಜಗಳ ಆಡಲೂ ಆಗಲಿಲ್ಲ. ಅಲ್ಲೇ ಪಕ್ಕದ ಕಟ್ಟೆಯ ಮೇಲೆ ಐದೂ ಜನ ಕೂತು ಬೆಳಿಗ್ಗೆ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ತಿಂದೆವು. ಮಗ ಮಾತ್ರ ಖುಷಿಯಾಗಿದ್ದ. ಅವನಿಗೆ ಆ ಮೆಟ್ಟಿಲೇ ಅವತ್ತಿನ ದೊಡ್ಡ ಸಾಹಸ.

ಅವತ್ತು ರಾತ್ರಿ ಅಮ್ಮನ ಮಂಡಿ ಊದಿಕೊಂಡಿತ್ತು. ನಾನು ಶೀಟ್ ತೆರೆದು ಕೂತೆ. ಹೆಂಡತಿ ಹಿಂದಿನಿಂದ ಬಂದು ಲ್ಯಾಪ್‌ಟಾಪ್ ಮುಚ್ಚಿದಳು. "ನಾಳೆಯಿಂದ ಬಸ್ಸು. ದಿನಕ್ಕೆ ಎರಡೇ ಜಾಗ," ಅಂದಳು. ತೀರ್ಮಾನ ಅಷ್ಟೇ, ಚರ್ಚೆ ಇಲ್ಲ.

ಬಸ್ಸಿನ ಬಗ್ಗೆ ಬರೆಯೋಕೆ ಶುರುಮಾಡಿದರೆ ನಿಲ್ಲಿಸೋದು ಕಷ್ಟ. ದೊಡ್ಡವರಿಗೆ ಆಗ ಒಂದೂಮುಕ್ಕಾಲು ಪೌಂಡ್. ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ. ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕು. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ. ಮಗಳಿಗೆ ಹನ್ನೆರಡು ಆಗಿದ್ದರಿಂದ ಆಯ್‌ಸ್ಟರ್ ಕಾರ್ಡ್ (ಬಸ್ಸು, ರೈಲಿಗೆ ದುಡ್ಡು ತುಂಬಿಸಿಕೊಳ್ಳೋ ಕಾರ್ಡು) ತಗೊಂಡು, ಸ್ಟೇಷನ್ ಸಿಬ್ಬಂದಿಗೆ ಕೇಳಿ ಅದಕ್ಕೆ ಅರ್ಧ ದರ ಹಾಕಿಸಿದೆವು. ಯಾರೂ ಹೇಳಲ್ಲ, ನಾವೇ ಕೇಳಬೇಕು. ಮಕ್ಕಳನ್ನು ಕರಕೊಂಡು ಹೋಗುವವರು ನೆನಪಿಟ್ಟುಕೊಳ್ಳಿ.

15ನೇ ನಂಬರ್ ಬಸ್ಸು ಟ್ರಫಾಲ್ಗರ್ ಸ್ಕ್ವೇರ್ ಹತ್ತಿರ ಹೊರಡುತ್ತದೆ. ಸ್ಟ್ರಾಂಡ್, ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ಪಕ್ಕದಲ್ಲೇ ಹಾದು ಟವರ್ ಆಫ್ ಲಂಡನ್ ಕಡೆ ಹೋಗುತ್ತದೆ. ಟೂರಿಸ್ಟ್ ಬಸ್ಸಿನವರು ಇದೇ ದಾರಿಗೆ ಹತ್ತಾರು ಪಟ್ಟು ದುಡ್ಡು ತಗೋತಾರೆ. ನಾವು ಹತ್ತಿದಾಗ ಮಕ್ಕಳು ಮೇಲಿನ ಮಹಡಿಗೆ ಓಡಿದರು. ನಾನು ಅಮ್ಮನ ಜತೆ ಕೆಳಗೇ ಕೂರೋಣ ಅಂತ ಸೀಟು ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಅಮ್ಮ ಇಲ್ಲ! ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದರಲ್ಲಿ ಕಂಬಿ, ಆಗಲೇ ಅರ್ಧ ಮೆಟ್ಟಿಲು ಹತ್ತಿಬಿಟ್ಟಿದ್ದರು.

"ಮಂಡಿ?" ಅಂದೆ.

"ಮುಂದಿನ ಸೀಟು ಖಾಲಿ ಇದೆಯಂತೆ," ಅಂದರು.

ಡಬಲ್ ಡೆಕ್ಕರಿನ ಮೇಲೆ, ಮುಂದಿನ ಗಾಜಿನ ಹಿಂದೆ ಅಮ್ಮ ಕೂತಿದ್ದನ್ನು ನೀವು ನೋಡಬೇಕಿತ್ತು. ಬ್ಯಾಗು ತೊಡೆಯ ಮೇಲೆ, ಎರಡೂ ಕೈ ಮುಂದಿನ ಕಂಬಿಯ ಮೇಲೆ, ಬಸ್ಸನ್ನು ತಾವೇ ಓಡಿಸುತ್ತಿರುವ ಹಾಗೆ. ಮರದ ಕೊಂಬೆ ಗಾಜಿಗೆ ಬಡಿದಾಗಲೆಲ್ಲ ತಲೆ ಬಗ್ಗಿಸುತ್ತಿದ್ದರು. ತೊಂಬತ್ತರ ದಶಕದವರೆಗೂ ಬೆಂಗಳೂರಲ್ಲೂ ಡಬಲ್ ಡೆಕ್ಕರ್ ಓಡುತ್ತಿತ್ತಲ್ಲ, ಟ್ರೈನಿಂಗಿಗೆ ಅಂತ ಬೆಂಗಳೂರಿಗೆ ಬಂದಾಗ ಅದರ ಮೇಲೆ ಕೂರಬೇಕು ಅಂತ ಅಮ್ಮನಿಗೆ ಆಸೆಯಂತೆ. ಜತೆಗಿದ್ದ ಮೇಡಮ್ಮುಗಳು ಸೀರೆ ಉಟ್ಟುಕೊಂಡು ಮೇಲೆ ಹತ್ತೋದಾ ಅಂತ ಬೇಡ ಅಂದರಂತೆ. ಈ ಕಥೆ ನನಗೆ ಗೊತ್ತಿರಲಿಲ್ಲ. ನಲವತ್ತೆರಡು ವರ್ಷ ಅವರ ಮಗನಾಗಿದ್ದೇನೆ.

ಟವರ್‌ನಲ್ಲಿ ಕೊಹಿನೂರ್ ನೋಡಿದೆವು. ದೊಡ್ಡವರ ಟಿಕೆಟ್ಟಿಗೆ ಮೂವತ್ತು ಪೌಂಡಿಗೂ ಜಾಸ್ತಿ ಕೊಟ್ಟು ಒಳಗೆ ಹೋದರೆ ಕಿರೀಟಗಳ ಮುಂದೆ ನಿಲ್ಲೋ ಹಾಗಿಲ್ಲ. ನೆಲವೇ ಚಲಿಸುತ್ತದೆ, ಏರ್‌ಪೋರ್ಟಲ್ಲಿ ಇರುತ್ತಲ್ಲ ಆ ಥರ. ತಿರುಪತಿಯಲ್ಲಿ "ಜರಗಂಡಿ ಜರಗಂಡಿ" ಅಂತ ತಳ್ಳುತ್ತಾರೆ, ಇಲ್ಲಿ ನೆಲ ತಳ್ಳುತ್ತದೆ. 105 ಕ್ಯಾರೆಟ್ಟಿನ ವಜ್ರ ಕೆಲವೇ ಸೆಕೆಂಡಲ್ಲಿ ಮುಗಿದೇಹೋಯಿತು. ಮಗ "ಅಷ್ಟೇನಾ?" ಅಂದ. 1849ರಲ್ಲಿ ಪಂಜಾಬ್ ಗೆದ್ದಾಗ ಬ್ರಿಟಿಷರು ಇದನ್ನು ಬಿಟ್ಟುಕೊಡುವಂತೆ ಒಪ್ಪಂದ ಬರೆಸಿಕೊಂಡಿದ್ದು ಮಹಾರಾಜ ದುಲೀಪ್ ಸಿಂಗ್‌ನಿಂದ, ಅವನಿಗಾಗ ಹತ್ತು ವರ್ಷ ಅಂತ ಅಮ್ಮ ಹೇಳಿದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗಿಂತ ಚಿಕ್ಕವನು" ಅಂದಳು. ಅಲ್ಲಿನ ದೊಡ್ಡ ಕಾಗೆಗಳ ಬಗ್ಗೆಯೂ ಒಂದು ನಂಬಿಕೆ ಇದೆ, ಅವು ಕೋಟೆ ಬಿಟ್ಟು ಹೋದರೆ ರಾಜ್ಯ ಬೀಳುತ್ತದಂತೆ, ಅದಕ್ಕೇ ಕಡಿಮೆ ಅಂದರೂ ಆರು ಕಾಗೆ ಯಾವಾಗಲೂ ಇಟ್ಟಿರುತ್ತಾರೆ. ರೆಕ್ಕೆ ಸ್ವಲ್ಪ ಕತ್ತರಿಸಿರುತ್ತಾರೆ ಅಂತ ತಿಳಿದಾಗ ಅಮ್ಮ, "ಹಾಗಾದ್ರೆ ನಂಬಿಕೆ ಕಾಗೆ ಮೇಲಲ್ಲ, ಕತ್ತರಿ ಮೇಲೆ" ಅಂದರು.

ಅರಮನೆಯ ಕಾವಲು ಬದಲಾಗುವುದನ್ನು ನೋಡಲೇಬೇಕು ಅಂತ ಮಗನ ಆಸೆ. ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಹನ್ನೊಂದು ಗಂಟೆಗೆ. ಹತ್ತು ಗಂಟೆಗೇ ಹೋದೆವು, ಆಗಲೇ ಗೇಟಿನ ಮುಂದೆ ಆರೇಳು ಸಾಲು ಜನ. ಅಷ್ಟು ಹೊತ್ತು ನಿಲ್ಲೋಕೆ ನನ್ನಿಂದಾಗಲ್ಲ ಅಂತ ಅಮ್ಮ ಪಕ್ಕದ ಸೇಂಟ್ ಜೇಮ್ಸ್ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತರು. ನಾವು ನಾಲ್ಕು ಜನ ಒಂದೂವರೆ ಗಂಟೆ ನಿಂತು ನೋಡಿದ್ದು ಏನು ಗೊತ್ತಾ? ಫೋನುಗಳು. ಮೇಲೆತ್ತಿದ ನೂರಾರು ಕೈ, ಕೈಯಲ್ಲಿ ಫೋನು, ಫೋನಿನೊಳಗೆ ಪುಟ್ಟ ಪುಟ್ಟ ಕೆಂಪು ಕೋಟು. ಮಗ ನನ್ನ ಹೆಗಲ ಮೇಲೆ ಕೂತು "ಟೋಪಿ ಕಾಣ್ತಿದೆ" ಅಂತ ಆಗಾಗ ವರದಿ ಕೊಡುತ್ತಿದ್ದ.

ಕತ್ತು ಹಿಡಿದುಕೊಂಡು ವಾಪಸ್ ಬಂದರೆ ಅಮ್ಮ ನಗುತ್ತಾ ಕೂತಿದ್ದಾರೆ. ಸೈನಿಕರ ಬ್ಯಾರಕ್ ಇರುವುದು ಪಾರ್ಕಿನ ಪಕ್ಕದ ಬರ್ಡ್‌ಕೇಜ್ ವಾಕ್ ರಸ್ತೆಯಲ್ಲಿ. ಬ್ಯಾಂಡಿನ ಸದ್ದು ಕೇಳಿ ಅಮ್ಮ ಎದ್ದು ಆ ಕಡೆ ಹೋದರಂತೆ. ಬ್ಯಾಂಡಿನವರು ಹತ್ತಡಿ ದೂರದಲ್ಲಿ ಹಾದು ಹೋದರಂತೆ. "ಪಾಪ, ಆ ಕರಡಿ ಕೂದಲಿನ ಟೋಪಿ ಒಳಗೆ ಬೆವರು ಹೀಗೆ ಇಳೀತಿತ್ತು," ಅಂತ ಬೆರಳಲ್ಲಿ ಕೆನ್ನೆಯ ಮೇಲೆ ಗೆರೆ ಎಳೆದು ತೋರಿಸಿದರು. ಬೆವರಿನ ಹನಿ ನೋಡಿ ಬಂದಿದ್ದಾರೆ! ನಮಗೆ ಟೋಪಿ ಕಂಡಿದ್ದೇ ಹೆಚ್ಚು.

ಅಷ್ಟೇ ಅಲ್ಲ. "ಬನ್ನಿ, ಇಲ್ಲಿ ಹೆಜ್ಜಾರ್ಲೆ ಇದೆ" ಅಂತ ಕೆರೆ ಹತ್ತಿರ ಕರಕೊಂಡು ಹೋದರು. ನಿಜವಾಗಲೂ ಹೆಜ್ಜಾರ್ಲೆಗಳೇ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಊರೊಳಗಿನ ಮರಗಳ ಮೇಲೆ ಗೂಡು ಕಟ್ಟುತ್ತವಲ್ಲ, ಅವುಗಳ ನೆಂಟರು. ಇವು ಇನ್ನೂ ಬೆಳ್ಳಗೆ, ದೊಡ್ಡದಾಗಿ, ಕೊಬ್ಬಿಕೊಂಡಿದ್ದವು. 1664ರಲ್ಲಿ ರಷ್ಯಾದ ರಾಯಭಾರಿ ಇಂಗ್ಲೆಂಡಿನ ರಾಜನಿಗೆ ಹೆಜ್ಜಾರ್ಲೆ ಉಡುಗೊರೆ ಕೊಟ್ಟಿದ್ದನಂತೆ, ಅವತ್ತಿನಿಂದ ಈ ಕೆರೆಯಲ್ಲಿ ಅವು ಇವೆ. ಒಂದು ಹಕ್ಕಿ ನಡೆದುಕೊಂಡು ಬಂದು ಯಾರೋ ಹೆಂಗಸಿನ ಪಕ್ಕ ಬೆಂಚಿನ ಬುಡದಲ್ಲಿ ನಿಂತುಬಿಟ್ಟಿತು, ಬಸ್ಸಿಗೆ ಕಾಯುವವರ ಹಾಗೆ. ಅಮ್ಮ ಅದನ್ನೇ ನೋಡುತ್ತಾ, "ಇವಕ್ಕೆ ಸರ್ಕಾರಿ ಕೆಲಸ. ನಮ್ಮ ಬೆಳ್ಳೂರಿನವು ಪಾಪ ಮೀನಿಗೆ ಶಿಂಷಾವರೆಗೂ ಹಾರಬೇಕು" ಅಂದರು.

ಇಷ್ಟು ಹೊತ್ತಿಗೆ ನನ್ನ ಶೀಟ್ ಪೂರ್ತಿ ಕೆಟ್ಟುಹೋಗಿತ್ತು. ಬ್ರಿಟಿಷ್ ಮ್ಯೂಸಿಯಂ ಒಂದು ಮಧ್ಯಾಹ್ನ ನೋಡಿದೆವು ಅಂತ ಹೇಳಬಹುದು, ಆದರೆ ಅದು ನೋಡಿದ ಹಾಗಲ್ಲ, ಹಾದು ಹೋದ ಹಾಗೆ. ಲಂಡನ್ನಿನ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ, ಶೌಚಾಲಯ ಉಚಿತ, ಕೂರೋಕೆ ಬೆಂಚು, ಬಾಟಲಿಗೆ ನೀರು. ವಯಸ್ಸಾದವರನ್ನು ಕರಕೊಂಡು ಹೋದಾಗ ಈ ನಾಲ್ಕೂ ಎಷ್ಟು ದೊಡ್ಡ ವಿಷಯ ಅಂತ ಅನುಭವಿಸಿದವರಿಗೇ ಗೊತ್ತು. ಆಮೇಲಾಮೇಲೆ ನಾನು ಮ್ಯಾಪಿನಲ್ಲಿ ನೋಡುತ್ತಿದ್ದುದೇ ಅದು. ಮುಂದಿನ ಬೆಂಚು ಎಲ್ಲಿ, ಮುಂದಿನ ಟಾಯ್ಲೆಟ್ ಎಲ್ಲಿ.

ಹುಲಿಗೆ ಅಂತ ಒಂದು ಪೂರ್ತಿ ದಿನ ಇಟ್ಟೆವು. ಸೌತ್ ಕೆನ್ಸಿಂಗ್ಟನ್‌ನಲ್ಲಿರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಅಮ್ಮ ಅವತ್ತು ಮೈಸೂರ್ ಸಿಲ್ಕ್ ಉಟ್ಟಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ಮ್ಯೂಸಿಯಂನಲ್ಲಿ ಮಡಚೋ ಸ್ಟೂಲು ಕೊಡುತ್ತಾರೆ, ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಂಡು ಕೂರಬಹುದು. ಒಂದನ್ನು ಮಗಳು ಎತ್ತಿಕೊಂಡಳು. ಬಾಗಿಲಿನಿಂದ ಜಾಸ್ತಿ ದೂರ ಇಲ್ಲ, ಒಂದು ತಿರುವಿನಾಚೆ ಗಾಜಿನ ಪೆಟ್ಟಿಗೆಯೊಳಗೆ ಹುಲಿ ಇತ್ತು.

ಚಿತ್ರದಲ್ಲಿ ನೂರು ಸಲ ನೋಡಿದ್ದೆ. ಎದುರಿಗೆ ನೋಡಿದಾಗ ಮೊದಲು ಅನಿಸಿದ್ದು, ಇಷ್ಟು ದೊಡ್ಡದಾ? ಮಲಗಿರುವ ಮನುಷ್ಯನ ಅಳತೆಗೆ ಹತ್ತಿರ ಇದೆ, ಉದ್ದ ಆರಡಿಗೆ ಸ್ವಲ್ಪ ಕಮ್ಮಿ. ಮರದ್ದು, ಮೇಲೆ ಬಣ್ಣ. ಕೆಂಪು ಕೋಟಿನ ಬಿಳಿಯ ಅಂಗಾತ ಬಿದ್ದಿದ್ದಾನೆ, ಹುಲಿ ಮೇಲೆ ಕೂತು ಕತ್ತಿಗೆ ಬಾಯಿ ಹಾಕಿದೆ. ಹತ್ತಿರ ಹೋದರೆ ಹುಲಿಯ ಪಟ್ಟೆಗಳು ಗೊಂಬೆ ಮಾಡುವವರ ಕೈಯಲ್ಲಿ ಬರೆದ ಹಾಗೆ ಇವೆ, ಸಲೀಸಾಗಿ, ಸ್ವಲ್ಪ ಅಡ್ಡಾದಿಡ್ಡಿಯಾಗಿ. ಬಿಳಿಯನ ಮುಖದಲ್ಲಿ ನೋವೇ ಇಲ್ಲ. ಗುಂಡು ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಿದ್ದಾನೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರ ಥರ. ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ, ಒಳಗೆ ಹಾರ್ಮೋನಿಯಂ ಥರ ಗುಂಡಿಗಳ ಸಾಲು. ಹೊರಗಿನ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಒತ್ತಿ ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ, ಹುಲಿ ಗುರ್ ಅನ್ನುತ್ತದೆ. ಸುಮಾರು 1790ರ ದಶಕದಲ್ಲಿ ಮಾಡಿದ್ದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯಲ್ಲಿ ಸಿಕ್ಕಿದ್ದು ಇದು. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ ಹುಲಿಯನ್ನು ಕೂಗಿಸುತ್ತಿದ್ದರಂತೆ, ಪಕ್ಕದ ಲೈಬ್ರರಿಯಲ್ಲಿ ಓದುತ್ತಿದ್ದವರಿಗೆ ಅದರ ಕಾಟ ತಡೆಯಲಾಗುತ್ತಿರಲಿಲ್ಲವಂತೆ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಚಾವಣಿ ಮೇಲೆ ಕುಸಿದು ಚೂರಾಗಿತ್ತು, ಮತ್ತೆ ಕೂಡಿಸಿದ್ದಾರೆ. ಈಗ ಗಾಜಿನೊಳಗೆ ಸುಮ್ಮನಿದೆ. ಟಿಪ್ಪು ಹೇಗಿದ್ದ, ಏನು ಮಾಡಿದ ಅನ್ನೋ ಜಗಳ ನಮ್ಮಲ್ಲಿ ವರ್ಷಕ್ಕೊಮ್ಮೆ ಎದ್ದೇ ಏಳುತ್ತದೆ, ಅದನ್ನು ಇಲ್ಲಿ ಶುರುಮಾಡುವ ಇರಾದೆ ನನಗಿಲ್ಲ, ದಯವಿಟ್ಟು ನೀವೂ ಮಾಡಬೇಡಿ.

ಅಮ್ಮ ಸ್ಟೂಲು ಹಾಕಿಕೊಂಡು ಹುಲಿಯ ಎದುರಿಗೆ ಕೂತರು. ಇಪ್ಪತ್ತು ನಿಮಿಷ ಇರಬಹುದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಶಾಲೆಯ ಪ್ರವಾಸ ಅಂತ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರಕೊಂಡು ಹೋದವರು. ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ, ವಾಟರ್ ಗೇಟ್, ಟಿಪ್ಪು ಸತ್ತು ಬಿದ್ದ ಜಾಗ, ಎಲ್ಲಾ ಬಾಯಿಪಾಠ. ಪ್ರತಿ ಸಲವೂ ಯಾರಾದರೊಬ್ಬ ಹುಡುಗ "ಮಿಸ್, ಹುಲಿ ಎಲ್ಲಿದೆ?" ಅಂತ ಕೇಳುತ್ತಿದ್ದನಂತೆ. ಲಂಡನ್ನಲ್ಲಿದೆ ಕಣೋ ಅನ್ನುತ್ತಿದ್ದರಂತೆ.

"ಇಷ್ಟು ವರ್ಷ ಮನೆ ತೋರಿಸಿದೆ," ಅಂದರು. "ಸಾಮಾನು ಇವತ್ತು ನೋಡಿದೆ."

ಮಗ ಗಾಜಿಗೆ ಮೂಗು ಒತ್ತಿಕೊಂಡಿದ್ದ. "ಅಜ್ಜಿ, ಇದು ನಮ್ಮದಾ ಅವರದಾ?" ಅಮ್ಮ ಮೇಷ್ಟರಮ್ಮ, ಉತ್ತರ ಇಲ್ಲದೆ ಬಿಟ್ಟವರಲ್ಲ. ಅವತ್ತು ಮಾತ್ರ, "ನೋಡು ಮಗ, ಬಾಲ ಎಷ್ಟು ಚೆನ್ನಾಗಿ ಮಾಡಿದ್ದಾರೆ" ಅಂದರು.

ಮಾರನೇ ದಿನ ಬಸವಣ್ಣ. ವೆಸ್ಟ್‌ಮಿನ್ಸ್ಟರ್ ಸೇತುವೆ ದಾಟಿ, ನದಿಯ ಆಚೆ ದಡದಲ್ಲಿ ಆಲ್ಬರ್ಟ್ ಎಂಬ್ಯಾಂಕ್ಮೆಂಟ್ ಮೇಲೆ ನಡೆದರೆ ಸಿಗುತ್ತಾನೆ. 2015ರ ನವೆಂಬರ್ 14ರಂದು ಅನಾವರಣ ಆದ ಪುತ್ಥಳಿ. ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರು ಹಟ ಹಿಡಿದು ಮಾಡಿಸಿದ್ದು, ಅನಾವರಣ ಮಾಡಿದ್ದು ಪ್ರಧಾನಿ ಮೋದಿ. ಸೇತುವೆಯಿಂದ ಕೆಳಗಿಳಿಯಲು ಮೆಟ್ಟಿಲು. ಮಂಡಿನೋವಿಗೆ ಹತ್ತೋದಕ್ಕಿಂತ ಇಳಿಯೋದು ಕಷ್ಟ ಅಂತ ಆ ವಾರ ಕಲಿತಿದ್ದೆ. ಅಮ್ಮ ಅಡ್ಡಡ್ಡ ತಿರುಗಿ, ಒಂದೊಂದೇ ಕಾಲು ಇಟ್ಟು ಇಳಿದರು.

ಇಳಿದ ಕೂಡಲೇ ಎಡಕ್ಕೆ ಒಂದು ಉದ್ದ ಗೋಡೆ. ಆಚೆ ಬದಿ ಆಸ್ಪತ್ರೆ, ನದಿಯಾಚೆ ಪಾರ್ಲಿಮೆಂಟು. ಗೋಡೆಯ ತುಂಬ ಕೈಯಲ್ಲಿ ಬರೆದ ಕೆಂಪು ಹೃದಯಗಳು, ಅಂಗೈ ಅಗಲದವು. ಕೋವಿಡ್‌ನಲ್ಲಿ ಸತ್ತ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚಿನಲ್ಲಿ, ಮನೆಯವರನ್ನು ಕಳೆದುಕೊಂಡವರು ಮತ್ತು ಇತರ ಸ್ವಯಂಸೇವಕರು ಸೇರಿ ಬರೆಯಲು ಶುರುಮಾಡಿದ್ದು. ಸುಮಾರು ಅರ್ಧ ಕಿಲೋಮೀಟರ್ ಉದ್ದ ಇದೆ. ಇದು ನನ್ನ ಮೂವತ್ತೊಂದು ಜಾಗದಲ್ಲಿ ಇರಲಿಲ್ಲ. ಬಣ್ಣ ಮಾಸಿ ಗುಲಾಬಿಯಾಗಿದ್ದ ಕಡೆ ಮೇಲಿಂದ ಮತ್ತೆ ಬಳಿದಿದ್ದರು. ಒಳಗೆ ಹೆಸರುಗಳು, ತಾರೀಖು, ಅಪ್ಪ, ಅಜ್ಜಿ, ನರ್ಸ್, ಬಸ್ ಡ್ರೈವರ್.

ಅಮ್ಮನ ತಮ್ಮ, ನನ್ನ ಸೋದರಮಾವ, 2021ರ ಮೇನಲ್ಲಿ ಹೋದರು. ಮಂಡ್ಯದಲ್ಲಿ. ಯಾರೂ ಹೋಗಲಾಗಲಿಲ್ಲ, ಅಮ್ಮನೂ. ಆ ಗೋಡೆ ಏನು ಅಂತ ಮಗಳು ಓದಿ ಹೇಳಿದ ಮೇಲೆ ಅಮ್ಮ ಏನೂ ಮಾತಾಡಲಿಲ್ಲ. ಬೆಂಚು ಬಂದರೂ ಕೂರಲಿಲ್ಲ. ಗೋಡೆಗೆ ಕೈ ಆನಿಸಿಕೊಂಡು, ಮೊಮ್ಮಗಳ ಹತ್ತಿರ ಹೆಸರು ಓದಿಸಿಕೊಳ್ಳುತ್ತಾ, ಕೊನೆಯವರೆಗೂ ನಡೆದರು. ಎಂಟು ದಿನದಲ್ಲಿ ಅಮ್ಮ ಒಂದೇ ಸಲಕ್ಕೆ ನಡೆದ ಅತಿ ಉದ್ದದ ದೂರ ಅದು. ನಾನು ಹಿಂದೆ ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಡೆದೆ.

ಬಸವಣ್ಣನ ಮುಂದೆ ಯಾರೋ ಇಟ್ಟ ಹೂವು ಒಣಗಿತ್ತು. ಜಾಗ ಸಣ್ಣದು, ಮರದ ನೆರಳು, ಪಕ್ಕದಲ್ಲಿ ಓಡುವವರು ಕಿವಿಗೆ ಹಾಡು ಹಾಕಿಕೊಂಡು ಓಡುತ್ತಿದ್ದರು. ಅಮ್ಮ ಕೈ ಮುಗಿದು, ಮಂಡಿ ಒತ್ತಿಕೊಳ್ಳುತ್ತಾ, "ಕಾಲನ್ನೇ ಕಂಬ ಮಾಡಿಕೊಳ್ಳಿ ಅಂತ ನೀವು ಹೇಳಿ ಹೋದಿರಿ. ನನ್ನ ಕಂಬ ನೋಡಿ, ಎರಡೂ ಅಲ್ಲಾಡ್ತಿವೆ" ಅಂದರು. ಬೆಳಿಗ್ಗೆಯಿಂದ ಆಗ ಮೊದಲ ಸಲ ನಕ್ಕರು.

ಕೊನೇ ದಿನ ಗ್ರೀನಿಚ್. ನಕ್ಷೆಯಲ್ಲಿ ಸೊನ್ನೆ ರೇಖಾಂಶ ಹಾದು ಹೋಗೋ ಜಾಗ, ಸಮಾಜದ ಮೇಷ್ಟರಮ್ಮನಿಗೆ ಅದು ಯಾತ್ರೆ ಇದ್ದ ಹಾಗೆ. ವೀಕ್ಷಣಾಲಯ ಗುಡ್ಡದ ಮೇಲಿದೆ. ಎಲ್ಲರೂ ಕೆಳಗಿನಿಂದ ಹುಲ್ಲಿನ ಏರು ಹತ್ತಿ ಬರುತ್ತಾರೆ. ಹಿಂಭಾಗದ ಬ್ಲ್ಯಾಕ್‌ಹೀತ್ ಕಡೆ ಬಸ್ಸಿನಲ್ಲಿ ಇಳಿದರೆ ಸಮತಟ್ಟು ದಾರಿ, ಏರೇ ಇಲ್ಲ. ಇದು ನಾನೇ ಹುಡುಕಿದ್ದು. ಶೀಟಿನಲ್ಲಿ ಆಗದ ಕೆಲಸ ಮಂಡಿಯಿಂದ ಆಯಿತು.

ಅಲ್ಲಿ ಒಂದು ಕಟ್ಟಡದ ಮೇಲೆ ಕಂಬಕ್ಕೆ ಸಿಕ್ಕಿಸಿದ ದೊಡ್ಡ ಕೆಂಪು ಚೆಂಡಿದೆ. 1833ರಿಂದಲೂ ದಿನಾ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕೆಳಗೆ ಬೀಳಿಸುತ್ತಾರೆ. ಥೇಮ್ಸ್‌ನಲ್ಲಿ ನಿಂತ ಹಡಗಿನವರು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಲಿ ಅಂತ. ಒಂದಕ್ಕೆ ಐದು ನಿಮಿಷ ಇರುವಾಗ ಚೆಂಡು ಅರ್ಧ ಏರಿತು, ಆಮೇಲೆ ತುದಿಗೆ, ಆಮೇಲೆ ಬಿತ್ತು. ಎಲ್ಲರೂ ಓ ಅಂದರು. ಅಮ್ಮ ತಮ್ಮ ಎಚ್ಎಂಟಿ ನೋಡಿಕೊಂಡರು.

"ಇದ್ಯಾಕೋ ತಪ್ಪಿದೆ," ಅಂದರು. ಗಡಿಯಾರದಲ್ಲಿ ಐದೂವರೆ. "ಗ್ರೀನಿಚ್‌ಗೂ ನಮಗೂ ಐದೂವರೆ ಗಂಟೆ ವ್ಯತ್ಯಾಸ. ಇಲ್ಲಿ ಒಂದಾದ್ರೆ ನನ್ನದರಲ್ಲಿ ಆರೂವರೆ ಇರಬೇಕು. ಮೂವತ್ತು ವರ್ಷ ಪಾಠ ಮಾಡಿದ್ದೀನಿ."

ಬೇಸಿಗೆಯಲ್ಲಿ ಇವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಅದಕ್ಕೇ ನಾಲ್ಕೂವರೆ ಅಂತ ಹೇಳಿದೆ. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಗ್ರೀನಿಚ್‌ನಲ್ಲೇ ಗ್ರೀನಿಚ್ ಟೈಮ್ ಇಲ್ಲ ಅಂದ್ರೆ ಏನರ್ಥ? ಅದರ ಮೇಲೆ ಮಗಳು ಫೋನ್ ತೆಗೆದು ಜಿಪಿಎಸ್ ತೋರಿಸಿದಳು. ಎಲ್ಲರೂ ಎರಡು ಕಾಲು ಅಗಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಆ ಗೆರೆಯ ಮೇಲೆ ಸೊನ್ನೆ ಬರಲ್ಲ. ಜಿಪಿಎಸ್‌ನ ಸೊನ್ನೆ ಅಲ್ಲಿಂದ ಪೂರ್ವಕ್ಕೆ 102 ಮೀಟರ್ ದೂರ, ಪಾರ್ಕಿನ ಹುಲ್ಲಿನ ಮೇಲೆ ಎಲ್ಲೋ ಹಾದುಹೋಗುತ್ತದೆ. ಟೈಮೂ ಇಲ್ಲ, ಗೆರೆಯೂ ಇಲ್ಲ. ಅಮ್ಮನ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಗೇಟಿನ ಹತ್ತಿರ ಗೋಡೆಯಲ್ಲಿ ಒಂದು ಹಳೆಯ ಗಡಿಯಾರ ಕೂರಿಸಿದ್ದಾರೆ. 1852ರದ್ದು. ಅದರ ಮುಖದಲ್ಲಿ ಹನ್ನೆರಡಲ್ಲ, ಇಪ್ಪತ್ನಾಲ್ಕು ಗಂಟೆ. ಸೊನ್ನೆ ಮೇಲೆ, ಹನ್ನೆರಡು ಕೆಳಗೆ. ಎಲ್ಲರೂ ಅದನ್ನು ನೋಡಿ, ಫೋನ್ ನೋಡಿ, ಇದು ಒಂದು ಗಂಟೆ ಹಿಂದಿದೆ, ಕೆಟ್ಟಿದೆ ಅಂದುಕೊಂಡು ಹೋಗುತ್ತಿದ್ದರು. ಅಮ್ಮ ಅದರ ಮುಂದೆ ನಿಂತುಬಿಟ್ಟರು. ಮುಳ್ಳು ಎಣಿಸಿದರು. ಹನ್ನೆರಡು ದಾಟಿ ಏಳು ನಿಮಿಷ. ತಮ್ಮ ಕೈ ನೋಡಿಕೊಂಡರು. ಐದು ಮೂವತ್ತೇಳು.

ಆ ಗಡಿಯಾರವನ್ನು ಬೇಸಿಗೆಯಲ್ಲೂ ಬದಲಿಸುವುದಿಲ್ಲ. ವರ್ಷಪೂರ್ತಿ ಗ್ರೀನಿಚ್ ಟೈಮೇ ತೋರಿಸುತ್ತದೆ.

ಎಂಟು ದಿನದಲ್ಲಿ ನಾನು ಅಮ್ಮನನ್ನು ಅಲ್ಲಿ ನಿಲ್ಲು, ಇಲ್ಲಿ ನಿಲ್ಲು ಅಂತ ನೂರಾರು ಫೋಟೋ ತೆಗೆದಿದ್ದೆ. ಅವರಾಗಿ ಕೇಳಿದ್ದು ಇದೊಂದೇ. ಗೋಡೆಯ ಗಡಿಯಾರದ ಪಕ್ಕಕ್ಕೆ ಮಣಿಕಟ್ಟು ಎತ್ತಿ ಹಿಡಿದು, "ಎರಡೂ ಕಾಣೋ ಹಾಗೆ ತೆಗಿಯೋ, ನಿಮಿಷದ ಮುಳ್ಳು ಬರಲಿ" ಅಂದರು. ಮೊದಲ ಸಲ ಬೆಳಕು ಗಾಜಿನ ಮೇಲೆ ಬಿದ್ದು ಎಚ್ಎಂಟಿ ಕಾಣಲಿಲ್ಲ. ಎರಡನೇ ಸಲಕ್ಕೆ ಐದು ಮೂವತ್ತೆಂಟು ಆಗಿತ್ತು. ಗೋಡೆಯ ಮೇಲಿನದೂ ಅಷ್ಟೇ ಮುಂದೆ ಹೋಗಿತ್ತು.